ಎಲ್ಲ ಗೊತ್ತಿದ್ದೂ ಹೋದೆವು: ಸಿಂಗಾಪುರದಲ್ಲಿ ಟೇಲರ್ ಸ್ವಿಫ್ಟ್

2024ರ ಮಾರ್ಚ್‌ನಲ್ಲಿ ಅಮೆರಿಕದ ಪಾಪ್ ಗಾಯಕಿ ಟೇಲರ್ ಸ್ವಿಫ್ಟ್ ಸಿಂಗಾಪುರದಲ್ಲಿ ಆರು ರಾತ್ರಿ ಹಾಡಿದಳು. 2, 3, 4, ಆಮೇಲೆ ಎರಡು ದಿನ ಬಿಡುವು, ಮತ್ತೆ 7, 8, 9. ಊರೂರು ಸುತ್ತಿ ಹಾಡುವ ಅವಳ ಕಾರ್ಯಕ್ರಮ ಎರಾಸ್ ಟೂರ್ ಏಷ್ಯಾದಲ್ಲಿ ಬಂದಿದ್ದು ಎರಡೇ ಊರಿಗೆ, ಟೋಕಿಯೋ ಮತ್ತು ಸಿಂಗಾಪುರ. ಭಾರತದ ಹೆಸರು ಪಟ್ಟಿಯಲ್ಲಿ ಇರಲೇ ಇಲ್ಲ. ನಾವೇ ಬ್ಯಾಗ್ ಕಟ್ಟಬೇಕಾಯಿತು.

ನಾವು ಅಂದರೆ ನಾನು ಮತ್ತು ಚಿಕ್ಕಮ್ಮನ ಮಗಳು. ಅವಳು ಕೆಲಸದ ಮೇಲೆ ಸಿಂಗಾಪುರದಲ್ಲೇ ಇದ್ದಾಳೆ. ಟಿಕೆಟ್ ತೆಗೆದ ಪುಣ್ಯವೂ ಅವಳದ್ದೇ. 2023ರ ಜುಲೈ 7ಕ್ಕೆ ಎಲ್ಲರಿಗೂ ಮಾರಾಟ ಶುರುವಾಯಿತು. ಆನ್‌ಲೈನ್‌ನಲ್ಲೂ ಸಿಗುತ್ತಿತ್ತು, ಅಲ್ಲಿನ ಅಂಚೆ ಕಚೇರಿಗಳಲ್ಲೂ ಮಾರುತ್ತಿದ್ದರು. ಪಾಪ್ ಗಾಯಕಿಯ ಟಿಕೆಟ್ ಅಂಚೆ ಕಚೇರಿಯಲ್ಲಿ! ಜನ ಹಿಂದಿನ ರಾತ್ರಿಯೇ ಹೋಗಿ ಬಾಗಿಲ ಮುಂದೆ ಕೂತಿದ್ದರು. ಇವಳೂ ಕೂತಳು. ನಾನು ಇಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಆನ್‌ಲೈನ್ ಸರದಿ ನೋಡುತ್ತಿದ್ದೆ. ಅದು ಮುಂದಕ್ಕೆ ಹೋಗುತ್ತಿದೆಯೋ ಹಿಂದಕ್ಕೋ ಗೊತ್ತಾಗುತ್ತಿರಲಿಲ್ಲ. ಅಷ್ಟರಲ್ಲಿ ಫೋನ್ ಬಂತು.

"ಅಕ್ಕಾ, ಸಿಕ್ತು! ಮಾರ್ಚ್ 7, ಗುರುವಾರ. ತುಂಬಾ ಮೇಲೆ, ಪರವಾಗಿಲ್ಲ ಅಲ್ವಾ?"

ಕಂಬದ ಹಿಂದೆ ಆದರೂ ಸರಿ ಕಣೇ ಅಂದೆ. ಸಾಮಾನ್ಯ ಟಿಕೆಟ್ 108 ಸಿಂಗಾಪುರ ಡಾಲರಿನಿಂದ 348ರವರೆಗೆ ಇತ್ತು. ಡಾಲರಿಗೆ ಆಗ ಸುಮಾರು 60 ರೂಪಾಯಿ, ಲೆಕ್ಕ ಹಾಕಿ ನೋಡಿ. ವಿಐಪಿ ಟಿಕೆಟ್ 1,228 ಡಾಲರಿನವರೆಗೆ ಹೋಗಿತ್ತು, ಅದರ ಲೆಕ್ಕ ಹಾಕಲು ನಾನು ಹೋಗಲಿಲ್ಲ.

ವೀಸಾ, ವಿಮಾನದ ಟಿಕೆಟ್, ರಜೆ ಕೇಳುವ ಸಂಕಟ ಎಲ್ಲ ಬಿಡಿ, ಎಲ್ಲರದ್ದೂ ಒಂದೇ ಕಥೆ. ಹೇಳಬೇಕಾದ್ದು ಇನ್ನೊಂದಿದೆ. ಹೊರಡುವ ಮುಂಚೆ ಎದುರಾದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಇದರ ಸಿನಿಮಾನೇ ಬಂತಲ್ಲ, ಮತ್ತೆ ಹೋಗಿ ಏನು ನೋಡ್ತೀಯ?

ಪ್ರಶ್ನೆ ತಪ್ಪಲ್ಲ. ಈ ಟೂರ್ ಶುರುವಾಗಿದ್ದು 2023ರ ಮಾರ್ಚ್ 17ಕ್ಕೆ, ಅಮೆರಿಕದ ಗ್ಲೆಂಡೇಲ್‌ನಲ್ಲಿ. ಅಕ್ಟೋಬರ್‌ಗೆ ಅದರ ಸಿನಿಮಾ ಥಿಯೇಟರಿಗೆ ಬಂತು. ಫೋನಿನಲ್ಲಿ ಪ್ರತಿ ರಾತ್ರಿಯ ತುಣುಕುಗಳು ಇದ್ದೇ ಇದ್ದವು. ಯಾವ ಹಾಡಿನ ನಂತರ ಯಾವ ಹಾಡು, ಎಲ್ಲಿ ಬಟ್ಟೆ ಬದಲಿಸುತ್ತಾಳೆ, ಎಲ್ಲಿ ಪರದೆಯ ಮೇಲೆ ಹಾವು ಬರುತ್ತದೆ, ಎಲ್ಲಿ ಕಾಗದದ ಹಿಮ ಬೀಳುತ್ತದೆ, ಎಲ್ಲ ನನಗೆ ಬಾಯಿಪಾಠ. ಆದರೆ ಯಕ್ಷಗಾನ ನೋಡುವವರನ್ನು ಯಾರಾದರೂ ಹೀಗೆ ಕೇಳುತ್ತಾರಾ? ಅಭಿಮನ್ಯು ಚಕ್ರವ್ಯೂಹದಿಂದ ಹೊರಗೆ ಬರಲ್ಲ ಅಂತ ಗೊತ್ತಿದ್ದೇ ಜನ ಬೆಳಗಿನವರೆಗೆ ಆಟ ನೋಡುತ್ತಾರೆ. ಪ್ರಸಂಗ ಗೊತ್ತಿರುತ್ತದೆ. ಇವತ್ತಿನ ಅಭಿಮನ್ಯು ಹೇಗೆ ಮಾಡಿದ ಅನ್ನೋದು ಗೊತ್ತಿರಲ್ಲ. ನಾನು ಹೋಗಿದ್ದೂ ಅದಕ್ಕೇ.

ಇಲ್ಲಿ ನಿಜವಾಗಿಯೂ ಗೊತ್ತಿಲ್ಲದ ಒಂದು ಜಾಗ ಇತ್ತು. ಕೊನೆಯ ಭಾಗಕ್ಕೆ ಮುಂಚೆ ಟೇಲರ್ ಒಬ್ಬಳೇ ನಿಂತು ಒಮ್ಮೆ ಗಿಟಾರ್, ಒಮ್ಮೆ ಪಿಯಾನೋ ಹಿಡಿದು ಪಟ್ಟಿಯಲ್ಲಿ ಇಲ್ಲದ ಹಾಡುಗಳನ್ನು ಹಾಡುತ್ತಿದ್ದಳು. ಇವೇ ಸರ್‌ಪ್ರೈಸ್ ಸಾಂಗ್. ಪ್ರತಿ ರಾತ್ರಿ ಬೇರೆ. ಆ ಫೆಬ್ರವರಿಯಲ್ಲಿ ಮೆಲ್ಬರ್ನ್‌ನಿಂದ ಎರಡು ಹಾಡುಗಳನ್ನು ಸೇರಿಸಿ ಒಂದು ಮಾಡಿ ಹಾಡುವುದನ್ನೂ ಶುರು ಮಾಡಿದ್ದಳು. ಅಭಿಮಾನಿಗಳು ತಲೆ ಕೆಡಿಸಿಕೊಳ್ಳುತ್ತಿದ್ದದ್ದು ಇದಕ್ಕೇ. ತಂಗಿಗೆ ಬೇಕಿದ್ದದ್ದು 'ಸ್ಪಾರ್ಕ್ಸ್ ಫ್ಲೈ', ಬೇರೆ ಏನೂ ಬೇಡ. ನನಗೆ ಇಂಥದ್ದೇ ಅಂತ ಇರಲಿಲ್ಲ. ಹಳೆಯದೊಂದು ಬಂದರೆ ಸಾಕಿತ್ತು.

ಶೋ ದಿನ ಬೆಳಿಗ್ಗೆ ನಾನು ಹೋಗಿದ್ದು ಸ್ಟೇಡಿಯಂ ಕಡೆಗಲ್ಲ, ವಿಕ್ಟೋರಿಯಾ ಥಿಯೇಟರ್ ಕಡೆಗೆ. ಟೇಲರ್‌ಳ ತಾಯಿಯ ತಾಯಿ ಮಾರ್ಜರಿ ಫಿನ್ಲೆ ಒಪೆರಾ ಗಾಯಕಿ. 1960ರ ದಶಕದಲ್ಲಿ ಅವರ ಕುಟುಂಬ ಸಿಂಗಾಪುರದಲ್ಲಿ ಇತ್ತು, ಅವರು ಈ ಥಿಯೇಟರಿನಲ್ಲಿ ಹಾಡಿದ್ದಾರೆ. ಟೇಲರ್‌ಳ ತಾಯಿ ಬಾಲ್ಯದ ಬಹುಭಾಗ ಕಳೆದದ್ದೂ ಇಲ್ಲೇ ಎಂದು ಟೇಲರ್ ಮೊದಲ ರಾತ್ರಿ ವೇದಿಕೆಯಿಂದಲೇ ಹೇಳಿದ್ದಳು. ಅಜ್ಜಿಯ ಮೇಲೆ ಅವಳದ್ದೊಂದು ಹಾಡಿದೆ, 2020ರ ಆಲ್ಬಂನಲ್ಲಿ. ಹೆಸರೇ 'ಮಾರ್ಜರಿ'. ಅಜ್ಜಿ ತೀರಿಕೊಂಡದ್ದು 2003ರಲ್ಲಿ. ಅವರ ಹಳೆಯ ರೆಕಾರ್ಡಿಂಗಿನ ದನಿಯನ್ನೇ ಆ ಹಾಡಿನ ಹಿನ್ನೆಲೆಯಲ್ಲಿ ಸೇರಿಸಿದ್ದಾರೆ.

ರಾಫಲ್ಸ್ ಪ್ಲೇಸ್ ಸ್ಟೇಷನ್‌ನಲ್ಲಿ ಇಳಿದು ನದಿ ದಾಟಬೇಕು. ದಾಟುವುದು ಕ್ಯಾವೆನಾ ಬ್ರಿಜ್ ಮೇಲೆ. 1869ರ ತೂಗುಸೇತುವೆ, ಈಗ ನಡೆಯುವವರಿಗೆ ಮಾತ್ರ. ಭಾರದ ಗಾಡಿ, ದನ, ಕುದುರೆ ತರಬಾರದು ಅನ್ನುವ ಹಳೇ ಬೋರ್ಡು ಇನ್ನೂ ಅಲ್ಲೇ ಇದೆ. ಆಚೆ ದಡದಲ್ಲಿ ಬಿಳಿ ಕಟ್ಟಡ, ಮಧ್ಯೆ ಗಡಿಯಾರದ ಗೋಪುರ. ಒಂದು ಬದಿ ಥಿಯೇಟರ್, ಇನ್ನೊಂದು ಬದಿ ಕನ್ಸರ್ಟ್ ಹಾಲ್. ಥಿಯೇಟರ್ ಮೊದಲು 1862ರ ಟೌನ್ ಹಾಲ್ ಆಗಿತ್ತು. ಎದುರಿಗೆ ಬ್ರಿಟಿಷ್ ಆಡಳಿತಗಾರ ರಾಫಲ್ಸ್‌ನ ಕಪ್ಪು ಪ್ರತಿಮೆ. ಪ್ರವಾಸಿಗರು ಪ್ರತಿಮೆಯ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಿದ್ದರು. ಕೈತುಂಬ ಮಣಿ ಬಳೆ ಹಾಕಿದ್ದ ಇಬ್ಬರು ಹುಡುಗಿಯರು ಮಾತ್ರ ಪ್ರತಿಮೆಗೆ ಬೆನ್ನು ಹಾಕಿ ಥಿಯೇಟರಿನ ಬಾಗಿಲನ್ನೇ ನೋಡುತ್ತಿದ್ದರು. ಅವರು ಯಾಕೆ ಬಂದಿದ್ದಾರೆ ಅಂತ ಕೇಳಬೇಕಿರಲಿಲ್ಲ.

ಈ ಬಳೆಗಳ ವಿಷಯ ಹೇಳಲೇಬೇಕು. ಫ್ರೆಂಡ್‌ಶಿಪ್ ಬ್ರೇಸ್‌ಲೆಟ್. ಎಲಾಸ್ಟಿಕ್ ದಾರಕ್ಕೆ ಬಣ್ಣದ ಮಣಿ, ಅಕ್ಷರದ ಮಣಿ ಪೋಣಿಸಿ ಹಾಡಿನ ಹೆಸರೋ ಅರ್ಧ ಸಾಲೋ ಬರೆಯುವುದು. ಶೋನಲ್ಲಿ ಗುರುತಿಲ್ಲದವರ ಜೊತೆ ಅದಲು ಬದಲು ಮಾಡಿಕೊಳ್ಳುವುದು. ಟೇಲರ್ ಇದನ್ನು ಮಾಡಿ ಅಂತ ಯಾರಿಗೂ ಹೇಳಿದ್ದಲ್ಲ. 2022ರ 'ಯು ಆರ್ ಆನ್ ಯುವರ್ ಓನ್, ಕಿಡ್' ಹಾಡಿನಲ್ಲಿ ಬಳೆಯ ಮಾತು ಒಂದು ಸಾಲಿನಲ್ಲಿ ಬರುತ್ತದೆ, ಅಷ್ಟೇ. ಅಭಿಮಾನಿಗಳು ಹಿಡಿದುಕೊಂಡರು. ತಮಾಷೆ ಅಂದರೆ ಆ ಹಾಡು ಪ್ರತಿ ರಾತ್ರಿಯ ಪಟ್ಟಿಯಲ್ಲೇ ಇರಲಿಲ್ಲ.

ಮಧ್ಯಾಹ್ನ ಲಿಟ್ಲ್ ಇಂಡಿಯಾದಲ್ಲಿ ಊಟ ಮುಗಿಸಿ ಡೌನ್‌ಟೌನ್ ಲೈನ್ ಮೆಟ್ರೋ ಹಿಡಿದೆವು. ಪ್ರಾಮನೇಡ್‌ನಲ್ಲಿ ಸರ್ಕಲ್ ಲೈನ್‌ಗೆ ಬದಲಿಸಿದರೆ ಎರಡನೆಯದೇ ಸ್ಟೇಡಿಯಂ ಸ್ಟೇಷನ್. ಪ್ರಾಮನೇಡ್‌ನಿಂದ ದಾರಿ ಕೇಳುವುದೇ ಬೇಡ. ಮಿನುಗುವ ಬಟ್ಟೆ ಹಿಂಬಾಲಿಸಿದರೆ ಸಾಕು. ರೈಲಿನಲ್ಲಿ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, 500 ಡಾಲರ್‌ವರೆಗೆ ದಂಡ. ಹಾಗಾಗಿ ಎಲ್ಲರೂ ಶಿಸ್ತಾಗಿ ನಿಂತಿದ್ದರು. ಬಳೆ ಬದಲಿಸಲು ಮಾತ್ರ ಯಾವ ಕಾನೂನೂ ಅಡ್ಡ ಬರಲಿಲ್ಲ.

ಹೊರಗೆ ಬಂದರೆ ಸೆಕೆ. ಮೈಯೆಲ್ಲ ಅಂಟು ಅಂಟು. ಮುಂದೆ ನ್ಯಾಷನಲ್ ಸ್ಟೇಡಿಯಂನ ಗುಮ್ಮಟ. 2014ರಲ್ಲಿ ತೆರೆದದ್ದು, ಅಡ್ಡಳತೆ 310 ಮೀಟರ್, ಮಧ್ಯೆ ಒಂದು ಕಂಬವೂ ಇಲ್ಲ. ಕಂಬದ ಹಿಂದೆ ಆದರೂ ಸರಿ ಅಂದಿದ್ದೆನಲ್ಲ, ತಂಗಿ ಅದನ್ನೇ ಹಿಡಿದು ನಗಾಡಿದಳು. ಆಟಕ್ಕಾದರೆ 55,000 ಜನ ಹಿಡಿಯುವ ಜಾಗ. ಟಿಕೆಟ್ ಇಲ್ಲದವರೂ ಬಂದು ಹೊರಗೆ ಕೂತಿದ್ದರು, ಗೋಡೆ ದಾಟಿ ಬರುವ ದನಿ ಕೇಳೋಕೆ.

ನಮ್ಮ ಪಕ್ಕದ ಸೀಟಿನಲ್ಲಿ ಫಿಲಿಪ್ಪೀನ್ಸ್‌ನ ಮನಿಲಾದಿಂದ ಬಂದ ಅಮ್ಮ, ಮಗಳು. ಮಗಳು ಬಳೆ ಚೀಲ ಬಿಚ್ಚಿದಳು, ಅಮ್ಮ ಅಸಮಾಧಾನ ಬಿಚ್ಚಿದರು. ನಮ್ಮೂರಿಗೆ ಯಾಕೆ ಬರಲಿಲ್ಲ ಗೊತ್ತಾ ಅಂತ ಶುರು. ಅವರು ಹೇಳುತ್ತಿದ್ದದ್ದು ಆ ವಾರದ ದೊಡ್ಡ ಸುದ್ದಿ. ಆಗ್ನೇಯ ಏಷ್ಯಾದಲ್ಲಿ ಬೇರೆ ಕಡೆ ಶೋ ಮಾಡಬಾರದು ಎಂಬ ಷರತ್ತಿನ ಮೇಲೆ ಸಿಂಗಾಪುರ ಹಣ ಕೊಟ್ಟಿದೆ ಎಂದು ಥಾಯ್ಲೆಂಡಿನ ಆಗಿನ ಪ್ರಧಾನಿ ಸ್ರೆತ್ತಾ ಥಾವಿಸಿನ್ ಫೆಬ್ರವರಿಯಲ್ಲಿ ಬಹಿರಂಗವಾಗಿ ಹೇಳಿದ್ದರು. ಅನುದಾನ ಕೊಟ್ಟಿದ್ದು ಹೌದು ಎಂದು ಸಿಂಗಾಪುರ ಒಪ್ಪಿತು, ಎಷ್ಟು ಅಂತ ಹೇಳಲಿಲ್ಲ. ಎರಡು ದಿನ ಮುಂಚೆ, ಮಾರ್ಚ್ 5ರಂದು, ಸಿಂಗಾಪುರದ ಆಗಿನ ಪ್ರಧಾನಿ ಲೀ ಸಿಯೆನ್ ಲೂಂಗ್ ಮೆಲ್ಬರ್ನ್‌ನಲ್ಲಿ ಇದಕ್ಕೆ ಉತ್ತರ ಕೊಡಬೇಕಾಯಿತು. ಇದು ನೆರೆಹೊರೆಯವರ ವಿರುದ್ಧದ ನಡೆ ಅಲ್ಲ ಅಂದರು. ದೇಶಗಳು ಒಬ್ಬ ಹಾಡುಗಾರ್ತಿಗಾಗಿ ಜಗಳ ಆಡುವುದು ನನಗೇನೂ ಕೆಟ್ಟದಾಗಿ ಕಾಣಲಿಲ್ಲ. ಇದಕ್ಕಿಂತ ಕಳಪೆ ಕಾರಣಕ್ಕೆ ಆಡುತ್ತಾರೆ. ಆದರೆ ಮನಿಲಾದ ಅಮ್ಮನ ಖರ್ಚು ಕೇಳಿದ ಮೇಲೆ ಅವರ ಸಿಟ್ಟೂ ನ್ಯಾಯವೇ ಅನ್ನಿಸಿತು.

ಮೊದಲು ಸಬ್ರಿನಾ ಕಾರ್ಪೆಂಟರ್ ಹಾಡಿದಳು. ಚುರುಕಿನ ಹುಡುಗಿ. ಆಮೇಲೆ ದೊಡ್ಡ ಪರದೆಯ ಮೇಲೆ ಗಡಿಯಾರ ಹಿಂದಕ್ಕೆ ಓಡಿತು. ನನಗೆ ಈ ಗಡಿಯಾರವೂ ಗೊತ್ತಿತ್ತು. ಆದರೂ ಕೈ ನಡುಗಿತು.

ಮೇಲಿನಿಂದ ಬರಿಗಣ್ಣಿಗೆ ಟೇಲರ್ ಅಂದರೆ ಹೊಳೆಯುವ ಒಂದು ಚುಕ್ಕೆ. ಮುಖ ಬೇಕಾದರೆ ಪರದೆಯನ್ನೇ ನೋಡಬೇಕು. ಇದರಲ್ಲಿ ಮುಚ್ಚಿಡೋಕೆ ಏನೂ ಇಲ್ಲ. ಆದರೆ ಮೇಲಿನ ಸೀಟಿಗೆ ಒಂದು ಲಾಭ ಇದೆ, ಸಿನಿಮಾದಲ್ಲೂ ಪೂರ್ತಿ ಸಿಗದದ್ದು. ವೇದಿಕೆ ಮೈದಾನದ ಉದ್ದಕ್ಕೂ ಚಾಚಿಕೊಂಡಿತ್ತು, ನೆಲವೆಲ್ಲ ಎಲ್‌ಇಡಿ. ಇಡೀ ಚಿತ್ರ ಒಟ್ಟಿಗೆ ಕಾಣುವುದು ಮೇಲೆ ಕೂತವರಿಗೇ. ಬಾಗಿಲಲ್ಲಿ ಎಲ್ಲರ ಕೈಗೂ ಒಂದೊಂದು ಬೆಳಕಿನ ಪಟ್ಟಿ ಕೊಟ್ಟಿದ್ದರು. ಅದನ್ನು ದೂರದಿಂದ ಅವರೇ ನಿಯಂತ್ರಿಸುತ್ತಾರೆ. ನನ್ನ ಕೈ ಕೆಂಪಾದಾಗ ಎದುರಿನ ಸಾಲುಗಳೂ ಕೆಂಪಾದವು.

'ಕ್ರುಯೆಲ್ ಸಮರ್' ಎರಡನೇ ಹಾಡು. 2019ರ ಆಲ್ಬಂನದು, ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿದ್ದು 2023ರಲ್ಲಿ, ಈ ಟೂರಿನ ಬಲದಿಂದಲೇ. ಅದರ ನಡುವಿನ ಭಾಗವನ್ನು ಜನ ಹಾಡುವುದಿಲ್ಲ, ಅರಚುತ್ತಾರೆ. ಸೀಟಿನ ಕೆಳಗಿನ ಕಾಂಕ್ರೀಟು ಅದುರುವುದು ಪಾದಕ್ಕೆ ಗೊತ್ತಾಯಿತು. ಇದು ಯಾವ ವಿಡಿಯೋದಲ್ಲೂ ಬಂದಿರಲಿಲ್ಲ.

'ಮಾರ್ಜರಿ' ಬಂದಾಗ ಎಲ್ಲರೂ ಫೋನಿನ ಲೈಟ್ ಹಾಕಿದರು. ಇದೂ ಎಲ್ಲ ಊರಲ್ಲೂ ನಡೆಯುತ್ತಿದ್ದ ಸಂಪ್ರದಾಯವೇ. ಆದರೆ ಆ ಅಜ್ಜಿ ಹಾಡಿದ ಊರಿನಲ್ಲಿ, ಅವರ ರೆಕಾರ್ಡಿನ ದನಿ ಗುಮ್ಮಟದ ತುಂಬ ಕೇಳಿಸುವುದು ಬೇರೆ. ಬೆಳಿಗ್ಗೆ ನೋಡಿದ ಬಿಳಿ ಕಟ್ಟಡ ಇಲ್ಲಿಂದ ಹೆಚ್ಚು ದೂರವೇನಲ್ಲ. ಆ ಥಿಯೇಟರಿನಲ್ಲಿ ಹಿಡಿಯುವ ಜನರನ್ನೂ ಈ ಜನರನ್ನೂ ಹೋಲಿಸಿ, ಅಜ್ಜಿ ನೋಡಿದ್ದರೆ ಏನನ್ನುತ್ತಿದ್ದರೋ ಅಂದುಕೊಂಡೆ. ತಂಗಿ ಅಳುತ್ತಿದ್ದಳು. ಮನಿಲಾದ ಅಮ್ಮನೂ. ನನ್ನ ಬಗ್ಗೆ ಬೇಡ.

ನಡುವಿನದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಹಾವು ಬಂತು. '22' ಹಾಡುವಾಗ ಹಾಕುವ ಟೋಪಿ ಒಂದು ಮಗುವಿನ ಪಾಲಾಯಿತು. ಹತ್ತು ನಿಮಿಷದ 'ಆಲ್ ಟೂ ವೆಲ್' ಪೂರ್ತಿ ಬಂತು, ಕಾಗದದ ಹಿಮವೂ ಬಿತ್ತು. ಫೋಕ್‌ಲೋರ್ ಆಲ್ಬಂನ ಹಾಡುಗಳ ಭಾಗದಲ್ಲಿ ನಾನು ಸ್ವಲ್ಪ ಕೂತೆ, ಕಾಲು ಕೇಳಲಿಲ್ಲ. ಮೂರು ಗಂಟೆಗೂ ಜಾಸ್ತಿ ಅವಳು ಹಾಡುತ್ತಲೇ ಇದ್ದಳು, ನಲವತ್ತಕ್ಕೂ ಹೆಚ್ಚು ಹಾಡು. ಸುಮ್ನೆ ನಿಂತಿರುವ ನಮಗೇ ಸುಸ್ತು.

ಆಮೇಲೆ ಗಿಟಾರ್ ಬಂತು. ತಂಗಿ ನನ್ನ ಮಣಿಕಟ್ಟು ಹಿಡಿದುಕೊಂಡಳು. 'ಡೆತ್ ಬೈ ಎ ಥೌಸಂಡ್ ಕಟ್ಸ್', ಅದರೊಳಗೇ 'ಬೇಬ್'. ಹಿಡಿತ ಸಡಿಲವಾಯಿತು. "ಪಿಯಾನೋ ಇದೆಯಲ್ಲ" ಅಂದೆ.

ಪಿಯಾನೋದಲ್ಲಿ ಬಂದದ್ದು 'ಫಿಫ್ಟೀನ್'. 2008ರ ಹಾಡು, ಹೈಸ್ಕೂಲಿಗೆ ಕಾಲಿಡುವ ಹುಡುಗಿಯದ್ದು. ನಾನು ಅದನ್ನು ಮೊದಲು ಕೇಳಿದಾಗ ನನಗೂ ಹೆಚ್ಚು ಕಡಿಮೆ ಅದೇ ವಯಸ್ಸು. ಅದು ಅರ್ಧಕ್ಕೆ ತಿರುಗಿತು. ತಿರುಗಿ ಸೇರಿದ್ದು 'ಯು ಆರ್ ಆನ್ ಯುವರ್ ಓನ್, ಕಿಡ್'ಗೆ. ಬಳೆಯ ಸಾಲಿರುವ ಅದೇ ಹಾಡು! ಮೊದಲ ಪದಕ್ಕೇ ಜನ ಗುರುತು ಹಿಡಿದರು. ಹದಿನೈದರ ಹುಡುಗಿ ಬರೆದುಕೊಂಡ ಪ್ರಶ್ನೆಗೆ ಅದೇ ಹುಡುಗಿ ಮೂವತ್ತು ದಾಟಿ ಉತ್ತರ ಕೊಟ್ಟ ಹಾಗಿತ್ತು. ಬಳೆಯ ಸಾಲು ಬಂದಾಗ ನಮ್ಮ ಸುತ್ತ ಇದ್ದವರೆಲ್ಲ ಕೈ ಎತ್ತಿದರು. ಬದಲಿಸಿಕೊಂಡ ಬಳೆಗಳೆಲ್ಲ ಮೊಣಕೈಗೆ ಜಾರಿದವು. ಇದು ಬರುತ್ತದೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಅಷ್ಟು ದೂರ ಹೋಗಿದ್ದಕ್ಕೆ ನನಗೆ ಈ ಐದು ನಿಮಿಷವೇ ಸಾಕಾಗಿತ್ತು.

ಹಾಡು ಮುಗಿಸಿ ವೇದಿಕೆಯ ಕಿಂಡಿಯೊಳಗೆ ಧುಮುಕಿದಳು, ನೆಲದ ಪರದೆಯ ಮೇಲೆ ಈಜುತ್ತಾ ಹೋದ ಹಾಗೆ ಕಾಣಿಸಿತು. ಮೇಲಿನ ಸೀಟಿನವರಿಗೆ ಇದು ಹಬ್ಬ. ಕೊನೆಗೆ 'ಕರ್ಮ', ಬಣ್ಣದ ಕಾಗದ.

ಹೊರಗೆ ಬರೋದು ಇನ್ನೊಂದು ಶೋ. ಸ್ಟೇಡಿಯಂ ಸ್ಟೇಷನ್‌ಗೆ ಸಾಲು ಹನುಮಂತನ ಬಾಲ. ನೀವು ಅಲ್ಲಿ ಯಾವುದಾದರೂ ಕಾರ್ಯಕ್ರಮಕ್ಕೆ ಹೋದರೆ ಸುಮ್ನೆ ಕಲಾಂಗ್ ಸ್ಟೇಷನ್‌ವರೆಗೆ ನಡೆದುಬಿಡಿ. ನಾವು ಹಾಗೇ ಮಾಡಿದೆವು. ದಾರಿಯುದ್ದಕ್ಕೂ ಜನ ಹಾಡುತ್ತಲೇ ಇದ್ದರು, ಶ್ರುತಿ ಯಾರಿಗೂ ಬೇಕಿರಲಿಲ್ಲ.

ಮರುದಿನ ರಾತ್ರಿ ನಾನು ಚಾಂಗಿಯಲ್ಲಿ ವಿಮಾನಕ್ಕೆ ಕಾಯುತ್ತಿದ್ದೆ. ತಂಗಿಯಿಂದ ಒಂದರ ಮೇಲೊಂದು ಮೆಸೇಜ್.

"ಅಕ್ಕಾ, ಸ್ಪಾರ್ಕ್ಸ್ ಫ್ಲೈ!! ಇವತ್ತು ಹಾಡಿದಳು. ನಾನು ಮನೇಲಿ ಪಾತ್ರೆ ತೊಳೀತಾ ಇದೀನಿ."

ನಾಳೆ ಇನ್ನೊಂದು ಶೋ ಇದೆಯಲ್ಲ, ಹೊರಗೆ ಕೂತು ಕೇಳು ಅಂದೆ. ಶನಿವಾರ ನಿಜವಾಗಿಯೂ ಹೋಗಿ ಕೂತಳು. ಆವತ್ತು ಬಂದದ್ದು 'ಟಿಮ್ ಮೆಗ್ರಾ', 2006ರಲ್ಲಿ ಬಿಡಿ ಹಾಡಾಗಿ ಬಂದ ಅವಳ ಮೊಟ್ಟಮೊದಲ ಸಿಂಗಲ್. ಗೋಡೆಯಾಚೆಯಿಂದ ಚೆನ್ನಾಗಿಯೇ ಕೇಳಿಸಿತಂತೆ. ಆದರೂ ಗುರುವಾರದ ಟಿಕೆಟ್ ಯಾಕೆ ತಗೊಂಡೆವು ಅಂತ ಈಗಲೂ ನನ್ನನ್ನೇ ಬೈಯುತ್ತಾಳೆ. ತಗೊಂಡವಳು ತಾನೇ ಅನ್ನೋದು ಅವಳಿಗೆ ಲೆಕ್ಕಕ್ಕಿಲ್ಲ.