ಒಂದು ಹೊಲಿಗೆ ಯಂತ್ರ ಕೊಡಿಸಿದರೆ ಸಾಲದೇ?

ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳಿಗೆ ನೆರವಾಗುವ ನಮ್ಮ ಪುಟ್ಟ ಬಳಗಕ್ಕೆ ಹಣ ಕೊಡಲು ಮುಂದೆ ಬರುವವರಲ್ಲಿ ಹೆಚ್ಚಿನವರು ಕೇಳುವುದು ಇದೊಂದೇ ಪ್ರಶ್ನೆ. ಅದರ ಹಿಂದಿನ ಮನಸ್ಸು ಒಳ್ಳೆಯದೇ. ಯಂತ್ರ ಕಣ್ಣಿಗೆ ಕಾಣುತ್ತದೆ, ಅದರ ಮೇಲೆ ದಾನಿಯ ಹೆಸರು ಬರೆಸಬಹುದು, ಹಸ್ತಾಂತರಿಸುವಾಗ ಫೋಟೊ ತೆಗೆಸಿಕೊಳ್ಳಬಹುದು. ಗಂಡ ಸತ್ತವಳ ಹಣೆಗೆ ಇಡಲು ಹಿಂಜರಿಯುವ ಕುಂಕುಮವನ್ನು ನಾವು ಯಂತ್ರಕ್ಕೆ ಮಾತ್ರ ಧಾರಾಳವಾಗಿ ಹಚ್ಚುತ್ತೇವೆ.

ಮೊದಲ ವರ್ಷ ನಾವೂ ಯಂತ್ರವನ್ನೇ ಕೊಟ್ಟಿದ್ದೆವು. ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅದನ್ನು ಪಡೆದ ಹೆಂಗಸಿನ ಮನೆಗೆ ನಾಲ್ಕು ತಿಂಗಳ ನಂತರ ಹೋದಾಗ, ಯಂತ್ರ ಇದ್ದ ಜಾಗದಲ್ಲಿ ಮಣ್ಣಿನ ನೆಲಕ್ಕೆ ಅದರ ಕಾಲುಗಳು ಒತ್ತಿದ್ದ ನಾಲ್ಕು ಕುಳಿಗಳಷ್ಟೇ ಉಳಿದಿದ್ದವು. ಗಂಡ ಬದುಕಿದ್ದಾಗ ಆಕೆಯ ಹೆಸರಿನಲ್ಲಿ ಎತ್ತಿದ್ದ ಗುಂಪು ಸಾಲದ ವಾರದ ಕಂತು ತಪ್ಪಿದ್ದರಿಂದ, ಆ ಹಣವನ್ನು ತಾವೇ ತುಂಬಬೇಕಾಗಿ ಬಂದ ಉಳಿದ ಹೆಂಗಸರು ಬಾಗಿಲಲ್ಲಿ ಬಂದು ಕೂತಿದ್ದರಂತೆ. ಮಾರಲು ಮನೆಯಲ್ಲಿ ಇದ್ದದ್ದು ಯಂತ್ರವೊಂದೇ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದದ್ದು ಸರಿಯೇ, ಆದರೆ ತಾನೂ ಅಷ್ಟೇ ಬಡವಳಾದ ನೆರೆಮನೆಯವಳು ಕಣ್ಣಲ್ಲಿ ನೀರು ತಂದುಕೊಂಡು ಕೇಳುವ ಕಂತಿಗೆ ಯಾವ ಕಾನೂನು ಅಡ್ಡ ಬಂದೀತು? "ಹೊಲಿಗಿ ನನಗ ಮೊದಲಿಂದಾನೂ ಬರ್ತಿದ್ದಿಲ್ರಿ, ನೀವು ಕೇಳಲೇ ಇಲ್ಲ" ಎಂದು ಆಕೆ ಅಂದು ಹೇಳಿದ್ದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ನನ್ನ ಉತ್ತರ: ಸಾಲದು. ಯಂತ್ರಕ್ಕಿಂತ ಮೊದಲು ಆಕೆಗೆ ಬೇಕಾಗಿರುವುದು ಕಾಗದಪತ್ರ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಗಂಡಸಿನ ಸ್ವಯಾರ್ಜಿತ ಆಸ್ತಿಯಲ್ಲಿ ತಾಯಿ, ಹೆಂಡತಿ, ಮಕ್ಕಳಿಗೆ ಸಮಪಾಲು ಎಂದು 1956ರ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. ಆದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಹೊಂದಿಸಿ ಪೌತಿ ಖಾತೆ, ಅಂದರೆ ಸತ್ತವನ ಜಮೀನು ವಾರಸುದಾರರ ಹೆಸರಿಗೆ ಬದಲಾವಣೆ, ಆಗುವವರೆಗೆ ಜಮೀನಿನ ಪಹಣಿಯಲ್ಲಿ ಸತ್ತವನ ಹೆಸರೇ ಇರುತ್ತದೆ, ಆಕೆಯ ಹೆಸರಿಗೆ ಬೆಳೆಸಾಲ ಹುಟ್ಟುವುದಿಲ್ಲ. ಗೃಹಲಕ್ಷ್ಮಿಯ 2000 ರೂಪಾಯಿ ಸಿಗುವುದು ಪಡಿತರ ಚೀಟಿಯಲ್ಲಿ ಯಜಮಾನಿಯಾಗಿ ನಮೂದಾದವಳಿಗೆ. ಕೂಡು ಕುಟುಂಬದಲ್ಲಿ ಆ ಯಜಮಾನಿ ಸಾಮಾನ್ಯವಾಗಿ ಅತ್ತೆ. ಸೊಸೆಗೆ ತನ್ನದೇ ಬ್ಯಾಂಕ್ ಖಾತೆ ಇದ್ದ ಮನೆಗಳಲ್ಲೂ ಎಟಿಎಂ ಕಾರ್ಡು ಮೈದುನನ ಜೇಬಿನಲ್ಲಿ ಇದ್ದುದನ್ನು ನಾನು ಕಂಡಿದ್ದೇನೆ.

ಈ ಕಾಗದಗಳಿಗಾಗಿ ನಾಡಕಚೇರಿಗೆ ಎಷ್ಟು ಸಲ ಅಲೆಯಬೇಕು ಎಂಬುದು ಅಲೆದವರಿಗೇ ಗೊತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ಉಳಿದಿದೆ, ಆದರೆ ಹೋದ ದಿನದ ಕೂಲಿ ಹೋದಂತೆಯೇ. ಆ ಕೂಲಿಯನ್ನು ನಾವು ಈಗ ತುಂಬಿಕೊಡುತ್ತೇವೆ, ಜೊತೆಗೆ ಓದು ಬರಹ ಬಲ್ಲ ಒಬ್ಬ ಹೆಂಗಸನ್ನು ಕಳುಹಿಸುತ್ತೇವೆ. ಮೊದಲ ಆರು ತಿಂಗಳು ದಿನಸಿಗೂ ಕಂತಿಗೂ ಆಗುವಷ್ಟು ಹಣವನ್ನು, ಲೆಕ್ಕ ಕೇಳದೆ, ಆಕೆಯದೇ ಖಾತೆಗೆ ಹಾಕುತ್ತೇವೆ. ದಾನಿಗಳಿಗೆ ಹಿಡಿಸದಿರುವುದು ಇದೇ: "ದುಡ್ಡು ಕೈಗೆ ಕೊಟ್ಟರೆ ಉಡಾಯಿಸಿಬಿಡುತ್ತಾರೆ" ಎನ್ನುತ್ತಾರೆ. ಉಡಾಯಿಸುವಷ್ಟು ಹಣವನ್ನು ನಾವು ಯಾರಿಗೂ ಕೊಟ್ಟದ್ದಿಲ್ಲ.

ಕೆಲಸದ ಮಾತು ಆಮೇಲಿನದು, ಅದನ್ನು ಆರಿಸುವವಳೂ ಆಕೆಯೇ. ಕಾರ್ಕಳ ಸೀಮೆಯ ಮಾಳದ ಮನೆತನದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದವರು. ಮುಂದೆ ಅವರು ಪುಣೆ ಬಳಿಯ ಕೇಡಗಾಂವ್‌ನಲ್ಲಿ ಕಟ್ಟಿದ ಮುಕ್ತಿ ಸದನದಲ್ಲಿ ಹೊಲಿಗೆಯಷ್ಟೇ ಅಲ್ಲ, ನೇಯ್ಗೆ, ಮುದ್ರಣದ ಕೆಲಸಗಳನ್ನೂ ಹೆಂಗಸರು ಕಲಿತರು. ಅಷ್ಟು ಹಿಂದೆಯೇ ಇದ್ದ ಆಯ್ಕೆಯನ್ನು ನಾವು ಯಾಕೆ ಒಂದು ಯಂತ್ರಕ್ಕೆ ಇಳಿಸಿದೆವೋ ತಿಳಿಯದು.

ಯಂತ್ರ ಮಾರಿದ ಆ ಹೆಂಗಸು ಈಗ ಖಡಕ್ ರೊಟ್ಟಿ ಬಡಿದು ಎರಡು ಖಾನಾವಳಿಗಳಿಗೆ ಕೊಡುತ್ತಾಳೆ. ನಾವು ಕೊಡಿಸಿದ್ದು ಒಂದು ದೊಡ್ಡ ಹಂಚು, ಎರಡು ಚೀಲ ಬಿಳಿಜೋಳ. ಆಕೆಯ ಪೌತಿ ಖಾತೆ ಇನ್ನೂ ಆಗಿಲ್ಲ, ಬರುವ ಸೋಮವಾರ ಮತ್ತೆ ನಾಡಕಚೇರಿಗೆ ಹೋಗಬೇಕಿದೆ.