ಉಳಿದ ತುತ್ತಿನ ತೂಕ

ಬಾಹ್ಯಾಕಾಶ ವೈದ್ಯಕೀಯದಲ್ಲಿ ಸಂಶೋಧನೆ ಮಾಡುತ್ತೇನೆಂದು ತಿಳಿದವರು ಊರಿನಿಂದ ಮಾತನಾಡುವಾಗ ರಾಕೆಟ್ ಉಡಾವಣೆಯ ಬಗ್ಗೆಯೇ ಕೇಳುತ್ತಾರೆ. ಆದರೆ ಜರ್ಮನಿಯ ಕಲೋನ್ ನಗರದಲ್ಲಿ ನನ್ನ ಕೆಲಸದ ದಿನಗಳು ಬಹುಪಾಲು ಕಳೆದಿರುವುದು ತಕ್ಕಡಿಯ ಮುಂದೆ.

ಇಲ್ಲಿನ ಜರ್ಮನ್ ಅಂತರಿಕ್ಷ ಕೇಂದ್ರವು 2013ರಲ್ಲಿ ತೆರೆದ ‘ಎನ್ವಿಹ್ಯಾಬ್’ ಸಂಶೋಧನಾಲಯದಲ್ಲಿ, ಆರೋಗ್ಯವಂತ ಸ್ವಯಂಸೇವಕರು ತಲೆಯ ಕಡೆಗೆ 6 ಡಿಗ್ರಿ ತಗ್ಗಿಸಿದ ಮಂಚದ ಮೇಲೆ ವಾರಗಟ್ಟಲೆ ಮಲಗಿರುತ್ತಾರೆ. ಊಟ, ಸ್ನಾನ, ಶೌಚ ಎಲ್ಲವೂ ಮಲಗಿದ್ದಲ್ಲಿಯೇ. ದೇಹದ ದ್ರವಗಳು ತಲೆಯ ಕಡೆಗೆ ಸರಿಯುತ್ತವೆ, ಕಾಲಿನ ಮೂಳೆ ಮತ್ತು ಸ್ನಾಯುಗಳು ಭಾರ ಹೊರುವುದನ್ನು ಮರೆಯತೊಡಗುತ್ತವೆ. ತೂಕರಹಿತ ಸ್ಥಿತಿಯಲ್ಲಿ ಗಗನಯಾತ್ರಿಯ ದೇಹಕ್ಕೆ ಆಗುವ ಹಲವು ಬದಲಾವಣೆಗಳನ್ನು ನೆಲದ ಮೇಲೆಯೇ ಅಭ್ಯಸಿಸಲು ಇದಕ್ಕಿಂತ ಒಳ್ಳೆಯ ದಾರಿ ಹೆಚ್ಚೇನೂ ಇಲ್ಲ. 2019ರಲ್ಲಿ ನಾಸಾ ಮತ್ತು ಐರೋಪ್ಯ ಬಾಹ್ಯಾಕಾಶ ಸಂಸ್ಥೆಗಳ ಜೊತೆಗೂಡಿ ನಡೆದ ಅಧ್ಯಯನದಲ್ಲಿ 24 ಮಂದಿ 60 ದಿನ ಹೀಗೆ ಮಲಗಿದ್ದರು.

ಇಂಥ ಅಧ್ಯಯನದ ಅಡುಗೆಮನೆಯಲ್ಲಿ ಪ್ರತಿ ಪದಾರ್ಥವನ್ನೂ ತೂಗಿಯೇ ಬಡಿಸುತ್ತೇವೆ, ಬಡಿಸಿದ್ದನ್ನು ಪೂರ್ತಿ ತಿನ್ನಬೇಕೆಂಬುದು ನಿಯಮ. ನಾನು ಹೊಸಬಳಾಗಿದ್ದಾಗ, ಒಬ್ಬರು ತಟ್ಟೆಯಲ್ಲಿ ಬಿಟ್ಟ ಒಂದೆರಡು ತುತ್ತನ್ನು ಲೆಕ್ಕಕ್ಕೆ ಹಿಡಿಯದೆ ತಟ್ಟೆ ಎತ್ತಿಟ್ಟಿದ್ದೆ. ಹಿರಿಯ ಸಹೋದ್ಯೋಗಿಯೊಬ್ಬರು ಗದರಲಿಲ್ಲ, ಆ ವ್ಯಕ್ತಿಯ ಮೂತ್ರದಲ್ಲಿನ ಕ್ಯಾಲ್ಸಿಯಂ ಪಟ್ಟಿಯನ್ನು ನನ್ನ ಮುಂದಿಟ್ಟರು. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಹೋಗುವ ಕ್ಯಾಲ್ಸಿಯಂ ಹೆಚ್ಚುತ್ತದೆ, ಆಹಾರ ಕಡಿಮೆಯಾದರೆ ಸ್ನಾಯು ಕರಗುತ್ತದೆ. ಹಾಗಿರುವಾಗ, ತಿಂದದ್ದರ ಲೆಕ್ಕ ತಪ್ಪಿದರೆ, ಕಾಣುವ ನಷ್ಟ ಮಲಗಿದ್ದರಿಂದ ಬಂತೋ ತಟ್ಟೆಯಿಂದ ಬಂತೋ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಈ ಕ್ಷೇತ್ರದಲ್ಲಿ ನನಗೆ ಸಿಕ್ಕ ನಿಜವಾದ ಶಿಕ್ಷಣ ಅದೇ ಎಂದು ಇಂದಿಗೂ ನಂಬಿದ್ದೇನೆ.

ಈ ಶಿಸ್ತು ಹೊಸದೇನಲ್ಲ. 1973–74ರಲ್ಲಿ ಅಮೆರಿಕದ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣದಲ್ಲಿ 28, 59 ಮತ್ತು 84 ದಿನ ಇದ್ದ ಮೂರು ತಂಡಗಳವರು ತಿಂದದ್ದನ್ನೆಲ್ಲ ದಾಖಲಿಸಿ, ಮಲಮೂತ್ರದ ಮಾದರಿಗಳನ್ನೂ ಭೂಮಿಗೆ ತಂದರು. ದೇಹದಿಂದ ಕ್ಯಾಲ್ಸಿಯಂ ಹೇಗೆ ಸೋರಿಹೋಗುತ್ತದೆಂಬ ನಮ್ಮ ತಿಳಿವಳಿಕೆಗೆ ತಳಪಾಯ ಹಾಕಿದ್ದು ಅವರ ಆ ತಾಳ್ಮೆ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೊದಲ ವರ್ಷಗಳಲ್ಲಿ ಗಗನಯಾತ್ರಿಗಳು ತಮಗೆ ಬೇಕಾದ ಶಕ್ತಿಯ ಸರಾಸರಿ ಶೇ. 80ರಷ್ಟನ್ನು ಮಾತ್ರ ತಿನ್ನುತ್ತಿದ್ದರು. ಸೊಂಟದ ಮೂಳೆಯ ಸಾಂದ್ರತೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಕುಸಿಯುತ್ತಿತ್ತು. ಭಾರ ಎತ್ತಿದಂಥ ಪ್ರತಿರೋಧ ಒದಗಿಸುವ ಹೊಸ ವ್ಯಾಯಾಮ ಯಂತ್ರ 2008ರ ಕೊನೆಗೆ ಅಲ್ಲಿಗೆ ತಲುಪಿತು. ಅದನ್ನು ಬಳಸಿ, ಸಾಕಷ್ಟು ತಿಂದು, ಬಿಸಿಲಿಲ್ಲದ ಆ ಬದುಕಿನಲ್ಲಿ ವಿಟಮಿನ್ ಡಿಯನ್ನೂ ಪಡೆದವರ ಮೂಳೆಯ ಸಾಂದ್ರತೆ ಬಹುಮಟ್ಟಿಗೆ ಉಳಿಯಿತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಯಂತ್ರದ ಹೆಸರು ಎಲ್ಲರ ಬಾಯಲ್ಲಿದೆ, ಊಟದ ಪಾಲನ್ನು ನೆನೆಯುವವರು ಕಡಿಮೆ. ದಿನಕ್ಕೆ ಸುಮಾರು 5,300 ಮಿಲಿಗ್ರಾಂ ಇದ್ದ, ಉಪ್ಪಿನಲ್ಲಿರುವ ಸೋಡಿಯಂನ ಸೇವನೆಯನ್ನು 3,000ದ ಆಸುಪಾಸಿಗೆ ಇಳಿಸಲು ನಾಸಾದ ಆಹಾರ ವಿಜ್ಞಾನಿಗಳು ಸುಮಾರು 90 ತಿನಿಸುಗಳನ್ನು ಹೊಸದಾಗಿ ರೂಪಿಸಬೇಕಾಯಿತು.

ಈ ವೃತ್ತಿಗೆ ಬರಲು ವಿಮಾನ ತಂತ್ರಜ್ಞಾನವನ್ನೇ ಓದಬೇಕಾಗಿಲ್ಲ. ಜೀವರಸಾಯನ, ವೈದ್ಯಕೀಯ, ಪೋಷಣ ವಿಜ್ಞಾನ, ಸಂಖ್ಯಾಶಾಸ್ತ್ರ ಇವುಗಳಲ್ಲಿ ಯಾವುದರಿಂದಲಾದರೂ ಬರಬಹುದು. ನಾನು ಜೀವರಸಾಯನದಿಂದ ಬಂದವಳು. ಕಷ್ಟವಿರುವುದು ಕಾಯುವುದರಲ್ಲಿ. ನಿಲ್ದಾಣದಲ್ಲಿ ಒಮ್ಮೆಗೆ ಇರುವವರೇ ಬೆರಳೆಣಿಕೆಯಷ್ಟು ಮಂದಿ, ಆದ್ದರಿಂದ ಒಂದು ಪ್ರಶ್ನೆಗೆ ಉತ್ತರ ಕೂಡಿಬರಲು ವರ್ಷಗಳೇ ಬೇಕು. ಅವರ ರಕ್ತ ಮತ್ತು ಮೂತ್ರದ ಮಾದರಿಗಳು ಮರಳುವ ನೌಕೆ ಸಿಗುವವರೆಗೂ ಅಲ್ಲಿನ ಶೀತಲ ಪೆಟ್ಟಿಗೆಯಲ್ಲೇ ಇರುತ್ತವೆ. ಇಲ್ಲಿಗೆ ಬಂದ ಮೊದಲ ವರ್ಷಗಳಲ್ಲಿ ಆ ನಿಧಾನ ನನ್ನನ್ನು ಕುಗ್ಗಿಸಿತ್ತು. ಈಗ ಮಾದರಿಯ ಒಂದೊಂದು ನಳಿಕೆಯನ್ನೂ ಕೈಗೆತ್ತಿಕೊಳ್ಳುವಾಗ, ಅದನ್ನು ಕೊಟ್ಟವರ ದಿನಗಳು ನೆನಪಾಗುತ್ತವೆ.

ಮಲಗಿದವರು ಕೊನೆಗೆ ಎದ್ದು ನಿಲ್ಲುವ ದಿನ ತಲೆಸುತ್ತು ಬರುತ್ತದೆಂದು ವೈದ್ಯರು ಪಕ್ಕದಲ್ಲೇ ಇರುತ್ತಾರೆ. ಮೊದಲ ಹೆಜ್ಜೆಗಳನ್ನು ನೋಡುವಾಗ ಕೋಣೆಯಲ್ಲಿ ಯಾರೂ ಮಾತನಾಡುವುದಿಲ್ಲ. ಚೇತರಿಕೆಯ 14 ದಿನಗಳ ಊಟಕ್ಕೂ ಲೆಕ್ಕವಿರುವುದರಿಂದ, ನಾನು ಅಲ್ಲಿಂದ ಅಡುಗೆಮನೆಗೆ ಹಿಂತಿರುಗಿ ಮಧ್ಯಾಹ್ನದ ತಟ್ಟೆಗಳನ್ನು ತೂಗಲು ನಿಲ್ಲುತ್ತೇನೆ.