ಅಲಂಕಾರ ಎಲ್ಲ ಕೆಳಗೇ ಇದೆಯಲ್ಲ, ಮೇಲೆ ಯಾಕೆ ಖಾಲಿ?

ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದವರು ಮೊದಲು ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ ನೋಡುತ್ತಾರೆ, ಆಮೇಲೆ ಪಕ್ಕದ ಕ್ರಿಸ್ಮಸ್ ಮರ ನೋಡುತ್ತಾರೆ, ಆಮೇಲೆ ಇದನ್ನೇ ಕೇಳುತ್ತಾರೆ. ಮರದ ಕೆಳಗಿನ ಅರ್ಧದಲ್ಲಿ ಬೆರಳಿಡಲು ಜಾಗ ಇಲ್ಲ. ಮೇಲಿನ ಅರ್ಧದಲ್ಲಿ ಬರೀ ದೀಪ, ತುದಿಗೊಂದು ನಕ್ಷತ್ರ. "ಅಕ್ಕಾ, ಮಕ್ಕಳು ಮಲಗಿದ ಮೇಲೆ ನೀವು ಸ್ವಲ್ಪ ಸರಿ ಮಾಡಿಡಬಾರದಾ?" ನೆಂಟರು, ಅಕ್ಕಪಕ್ಕದವರು, ಕ್ಯಾರಲ್ ಹಾಡಲು ಬಂದವರು, ಎಲ್ಲರದ್ದೂ ಇದೇ ಮಾತು.

ಇಲ್ಲ, ಸರಿ ಮಾಡಲ್ಲ. ಮೂರು ವರ್ಷದ ಮಗನಿಗೂ ಆರು ವರ್ಷದ ಮಗಳಿಗೂ ಕೈ ಎಟಕುವುದು ಅಲ್ಲಿಯವರೆಗೆ. ಅವರು ಎಲ್ಲಿ ಕಟ್ಟಿದರೋ ಅದು ಅಲ್ಲೇ ಇರಬೇಕು. ಮಗು ಬಿಡಿಸಿದ ರಂಗೋಲಿಯನ್ನು ರಾತ್ರಿ ಅಳಿಸಿ ನಾವೇ ಇನ್ನೊಂದು ಬಿಡಿಸಿದರೆ ಅದಕ್ಕೆ ಹೇಗನ್ನಿಸುತ್ತದೆ? ಇದೂ ಹಾಗೇ. ಮಕ್ಕಳಿಗೆ ಗೊತ್ತಾಗಲ್ಲ ಅಂದುಕೊಳ್ಳಬೇಡಿ. ನನ್ನ ಮಗ ಬೆಳಿಗ್ಗೆ ಹಾಸಿಗೆಯಿಂದ ಎದ್ದವನೇ ನೇರ ಮರದ ಹತ್ತಿರ ಹೋಗಿ, ತನ್ನ ಕೆಂಪು ಬಟ್ಟೆಯ ಗಂಟೆ ಇದೆಯಾ ಅಂತ ಮುಟ್ಟಿ ನೋಡುತ್ತಾನೆ.

ದೊಡ್ಡವರೇ ಮರ ಸಿಂಗರಿಸುವ ರೂಢಿಗೆ ಹಿಂದೆ ಕಾರಣ ಇತ್ತು. ಈ ಪದ್ಧತಿ ಬೆಳೆದದ್ದು ಜರ್ಮನಿಯಲ್ಲಿ. ಅಲ್ಲಿ ಕೊಂಬೆಗಳ ಮೇಲೆ ನಿಜವಾದ ಮೇಣದಬತ್ತಿ ಹಚ್ಚಿಡುತ್ತಿದ್ದರು. ಅನೇಕ ಮನೆಗಳಲ್ಲಿ ಮರದ ಕೋಣೆಯ ಬಾಗಿಲು ಹಾಕಿ, ದೊಡ್ಡವರೇ ಎಲ್ಲ ಮುಗಿಸಿ, ಡಿಸೆಂಬರ್ 24ರ ಸಂಜೆ ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ಅಚ್ಚರಿಯ ಖುಷಿ ಇತ್ತು, ನಿಜ. ಆದರೆ ಉರಿಯುವ ಬತ್ತಿಗಳ ಮಧ್ಯೆ ಮಕ್ಕಳನ್ನು ಕೈಯಾಡಿಸಲು ಬಿಡುವ ಹಾಗೂ ಇರಲಿಲ್ಲ. 1882ರಲ್ಲಿ ಎಡಿಸನ್ ಜೊತೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕ್‌ನ ತನ್ನ ಮನೆಯ ಮರಕ್ಕೆ ವಿದ್ಯುತ್ ಬಲ್ಬು ಹಾಕಿದ. ಈಗಿನ ಎಲ್‌ಇಡಿ ಸೀರಿಯಲ್ ಸೆಟ್ ಮುಟ್ಟಿದರೆ ಸುಡುವುದೂ ಇಲ್ಲ. ಮೇಣದಬತ್ತಿ ಹೋಯಿತು. ಮಕ್ಕಳನ್ನು ದೂರ ನಿಲ್ಲಿಸುವುದು ಮಾತ್ರ ಯಾಕೆ ಉಳಿಯಬೇಕು?

ಹಾಗಂತ ಎಲ್ಲ ಅವರ ಕೈಗೆ ಕೊಟ್ಟು ಸುಮ್ನೆ ಕೂರುವುದಲ್ಲ. ಸೀರಿಯಲ್ ಸೆಟ್ ನಮ್ಮವರ ಕೆಲಸ, ವೈರು ಗೋಡೆ ಕಡೆಗೆ. ಗಾಜಿನ ಗುಂಡುಗಳು ಸದ್ಯಕ್ಕೆ ಬೀರುವಿನಲ್ಲಿವೆ. ಚೂಪು ಕೊಕ್ಕೆಯ ಬದಲು ಉಲ್ಲನ್ ದಾರದ ಕುಣಿಕೆ. ನನಗೆ ಜಾಸ್ತಿ ಭಯ ಇರುವುದು ನಾಣ್ಯದಂತೆ ಚಪ್ಪಟೆಯಾಗಿರುವ ಪುಟ್ಟ ಬ್ಯಾಟರಿಗಳದ್ದು. ಹಾಡುವ ಕಾರ್ಡು, ಮಿನುಗುವ ಪ್ಲಾಸ್ಟಿಕ್ ದೀಪ, ಎಲ್ಲದರಲ್ಲೂ ಅವು ಇರುತ್ತವೆ. ಮಗು ನುಂಗಿ ಅದು ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಹೋಗಬೇಕು. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಯಾವ ವಸ್ತುವನ್ನೂ ನಾನು ಮನೆಯೊಳಗೇ ತರಲ್ಲ.

ಅಜ್ಜಿಯ ಕಾಲದಲ್ಲಿ ಗಾಳಿ ಮರದ ಕೊಂಬೆ ಕಡಿದು ಮರಳು ತುಂಬಿದ ಬಕೆಟ್‌ನಲ್ಲಿ ನಿಲ್ಲಿಸುತ್ತಿದ್ದರು. ನಮ್ಮದು ನರ್ಸರಿಯಿಂದ ತಂದ ಅರಾಕೇರಿಯಾ. ಪೆಸಿಫಿಕ್ ದ್ವೀಪಗಳ ಗಿಡ, ನಮ್ಮ ಹವೆಗೂ ಚೆನ್ನಾಗಿ ಹೊಂದಿಕೊಂಡಿದೆ. ಸಿಮೆಂಟ್ ಕುಂಡ ಭಾರ ಇರುವುದರಿಂದ ಚಿಕ್ಕವನು ಜಗ್ಗಿದರೂ ಬೀಳಲ್ಲ. ಕೊಂಬೆ ಮಾತ್ರ ಮೆತ್ತಗೆ. ಅವನು ಇಷ್ಟವಾದ ಒಂದೇ ಕೊಂಬೆಗೆ ಗಂಟೆ, ಕುರಿಮರಿ, ಕಾಗದದ ದೇವದೂತ ಎಲ್ಲ ನೇತು ಹಾಕುತ್ತಾನೆ. ಕೊಂಬೆ ನೆಲ ಮುಟ್ಟುತ್ತದೆ. ಆಗಲೂ ನಾನು ಅಲಂಕಾರ ಬಿಚ್ಚಲ್ಲ. ಆ ಕೊಂಬೆಗೆ ಸೆಣಬಿನ ದಾರ ಸುತ್ತಿ ಮೇಲೆ ಕಾಂಡಕ್ಕೆ ಕಟ್ಟುತ್ತೇನೆ.

ಅಲಂಕಾರದಲ್ಲಿ ನನಗೆ ತುಂಬಾ ಇಷ್ಟವಾದದ್ದು ಅಂಗಡಿಯದ್ದಲ್ಲ. ಕಾಫಿ ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಗೊತ್ತಲ್ವಾ? ಆಸ್ಟ್ರೇಲಿಯಾ ಮೂಲದ ಮರ. ಅದರ ಎಲೆ ಜರೀಗಿಡದ ಎಲೆಯಂತೆ ಸೀಳುಸೀಳು, ಮೇಲೆ ಕಡು ಹಸಿರು, ಅಡಿಯಲ್ಲಿ ಬೆಳ್ಳಿ ಬಣ್ಣ. ಉದುರಿದ ಎಲೆ ಆರಿಸಿ ತಂದು, ಸುರುಟದ ಹಾಗೆ ಹಳೇ ಪೇಪರ್ ಮಧ್ಯೆ ಇಟ್ಟು, ಮೇಲೆ ಅಕ್ಕಿ ಡಬ್ಬ ಹೇರುತ್ತೇವೆ. ಮಗಳು ಒಂದೊಂದನ್ನೇ ಮಗುಚಿ, ಬೆಳ್ಳಿ ಮಗ್ಗುಲು ಹೊರಗೆ ಬರುವಂತೆ ಕಟ್ಟುತ್ತಾಳೆ. ಸಂಜೆ ಸೀರಿಯಲ್ ಸೆಟ್ ಹಾಕಿದಾಗ ಹೊಳೆಯುತ್ತದೆ. ಇದನ್ನು ನಾನು ಹೇಳಿಕೊಟ್ಟಿಲ್ಲ. ನಾನೇ ಸಿಂಗರಿಸಿದ್ದರೆ ಹಸಿರು ಮಗ್ಗುಲನ್ನೇ ಮುಂದೆ ಮಾಡುತ್ತಿದ್ದೆ.

"ಇಷ್ಟಕ್ಕೆಲ್ಲ ಟೈಮ್ ಎಲ್ಲಿ ಸಿಗುತ್ತೆ?" ಅನ್ನುವವರೂ ಇದ್ದಾರೆ. ಡಿಸೆಂಬರ್ ಅಂದರೆ ನಮ್ಮ ಕಡೆ ಅರೇಬಿಕಾ ಕೊಯ್ಲು, ಯಾರಿಗೂ ಬಿಡುವಿರಲ್ಲ. ಅದಕ್ಕೇ ಒಂದೇ ದಿನ ಮುಗಿಸಲು ಹೋಗಬೇಡಿ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ನಾಲ್ಕು ಭಾನುವಾರ ಬರುತ್ತವೆ. ಮೊದಲ ವಾರ ಗಿಡ ಒರೆಸಿ ದೀಪ ಸುತ್ತಿ ಬಿಡಿ. ಉಳಿದದ್ದು ವಾರಕ್ಕಿಷ್ಟು. ಪುಟ್ಟ ಮಕ್ಕಳ ಉತ್ಸಾಹವೂ ಒಂದು ಸಲಕ್ಕೆ ಅಷ್ಟೇ ಹೊತ್ತು ಇರುವುದು. ಬೇಜಾರಾಗಿ ಎದ್ದು ಹೋದರೆ ಹೋಗಲಿ. ಗೋದಲಿಯಲ್ಲಿ ಬಾಲಯೇಸುವನ್ನು ಮಲಗಿಸುವುದು 24ರ ರಾತ್ರಿ ತಾನೇ? ಅಲ್ಲಿಯವರೆಗೆ ಸಮಯ ಇದೆ.

ಬಾಲಯೇಸುವನ್ನು ನೋಡಲು ಬಂದ ಮೂರು ರಾಯರ ಹಬ್ಬ, ಅಂದರೆ ಜನವರಿ 6ರವರೆಗೆ ಮರ ಹಾಗೇ ಇರುತ್ತದೆ. ನೋಡಲು ಬರುವವರು ಮಕ್ಕಳನ್ನೂ ಕರೆದುಕೊಂಡು ಬನ್ನಿ. ಎಲೆ, ದಾರ ಎರಡೂ ಉಳಿದಿರುತ್ತವೆ. ಅವರು ಕಟ್ಟಿದ್ದನ್ನೂ ನಾವು ಕದಲಿಸಲ್ಲ.